ಹೊಲದವನನ್ನು ಕೇಳಿದರು, ಊರನ್ನು ಕೇಳಲಿಲ್ಲ

ಊರ ಮಗ್ಗುಲಲ್ಲಿ ಸಿಮೆಂಟ್ ಕಾರ್ಖಾನೆಯೋ ಕಲ್ಲಿದ್ದಲು ಉರಿಸುವ ದೊಡ್ಡ ವಿದ್ಯುತ್ ಸ್ಥಾವರವೋ ಬರುವುದಾದರೆ ಆ ಊರಿನವರಿಗೆ ಒಂದು ದಿನವಾದರೂ ಎದ್ದು ನಿಂತು ಮಾತನಾಡುವ ಹಕ್ಕಿದೆ. ಕೇಂದ್ರ ಪರಿಸರ ಸಚಿವಾಲಯ 2006ರ ಸೆಪ್ಟೆಂಬರ್ 14ರಂದು ಹೊರಡಿಸಿದ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆ ಆ ದಿನ ಹೇಗೆ ನಡೆಯಬೇಕೆಂದು ವಿವರವಾಗಿಯೇ ಹೇಳುತ್ತದೆ. ಕನಿಷ್ಠ 30 ದಿನ ಮೊದಲು ಪ್ರಕಟಣೆ ಕೊಡಬೇಕು, ವರದಿಯ ಸಾರಾಂಶ ಜನರ ಭಾಷೆಯಲ್ಲಿ ಸಿಗಬೇಕು, ಜಿಲ್ಲಾಧಿಕಾರಿಯೋ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯೋ ಅಧ್ಯಕ್ಷತೆ ವಹಿಸಬೇಕು, ನಡೆದದ್ದನ್ನೆಲ್ಲ ವಿಡಿಯೊದಲ್ಲಿ ದಾಖಲಿಸಬೇಕು, ಜನ ಎತ್ತಿದ ಪ್ರಶ್ನೆಗಳಿಗೆ ಕಂಪನಿ ಬರಹದಲ್ಲಿ ಉತ್ತರ ಕೊಡಬೇಕು. ಸಾರ್ವಜನಿಕ ಅಹವಾಲು ಸಭೆ ಎಂದು ನಾವು ಕರೆಯುವುದು ಇದನ್ನೇ. ಅದೇ ಊರಿನ ಸುತ್ತ ಇನ್ನೂರು ಮೀಟರ್ ಎತ್ತರದ ನೂರು ಗಾಳಿಯಂತ್ರಗಳು ಬರುವುದಾದರೆ ಈ ಯಾವುದೂ ಬೇಕಿಲ್ಲ. ಅಧಿಸೂಚನೆಯ ಪಟ್ಟಿಯಲ್ಲಿ ಪವನ ವಿದ್ಯುತ್ತಿನ ಹೆಸರೇ ಇಲ್ಲ. ಹೆಸರಿಲ್ಲದ್ದಕ್ಕೆ ಪರಿಸರ ಅನುಮತಿಯ ಅಗತ್ಯವಿಲ್ಲ, ಅನುಮತಿ ಬೇಡವಾದ ಮೇಲೆ ಸಭೆಯ ಮಾತೂ ಇಲ್ಲ. 2016ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಕೈಗಾರಿಕೆಗಳ ಬಣ್ಣದ ಪಟ್ಟಿಗೆ ಬಿಳಿ ಎಂಬ ಹೊಸ ಗುಂಪನ್ನು ಸೇರಿಸಿ, ಪವನ ವಿದ್ಯುತ್ತನ್ನು ಅದರಲ್ಲಿಟ್ಟಿತು. ಹೊಗೆಯಿಲ್ಲ, ಕೊಳಕು ನೀರಿಲ್ಲ ಎಂಬ ಲೆಕ್ಕದಲ್ಲಿ ಅದು ಸರಿಯೇ. ಆದರೆ ಊರಿನ ಬದುಕಿಗೆ ತಟ್ಟುವುದೆಲ್ಲ ಹೊಗೆಯ ರೂಪದಲ್ಲೇ ಬರುವುದಿಲ್ಲ.

ಬೇರೆ ಬಾಗಿಲುಗಳಾದರೂ ತೆರೆದಿವೆಯೇ ಎಂದು ನೋಡಿದರೆ ಅವೂ ಮುಚ್ಚಿಯೇ ಇವೆ. 2013ರ ಭೂಸ್ವಾಧೀನ ಕಾಯ್ದೆ ಖಾಸಗಿ ಕಂಪನಿಗಾಗಿ ಸರ್ಕಾರ ಜಮೀನು ಸ್ವಾಧೀನಪಡಿಸಿಕೊಳ್ಳುವಾಗ ನೂರಕ್ಕೆ 80ರಷ್ಟು ಬಾಧಿತ ಕುಟುಂಬಗಳ ಒಪ್ಪಿಗೆ ಕೇಳುತ್ತದೆ, ಸಾಮಾಜಿಕ ಪರಿಣಾಮದ ಅಧ್ಯಯನವನ್ನೂ ಅದಕ್ಕೊಂದು ಅಹವಾಲು ಸಭೆಯನ್ನೂ ಕಡ್ಡಾಯ ಮಾಡುತ್ತದೆ. ಗಾಳಿ ಕಂಪನಿಗಳು ಸಾಮಾನ್ಯವಾಗಿ ಸರ್ಕಾರದ ಮೂಲಕ ಹೋಗುವುದಿಲ್ಲ. ರೈತರಿಂದ ನೇರವಾಗಿ ಕೊಳ್ಳುತ್ತವೆ ಅಥವಾ ಗುತ್ತಿಗೆಗೆ ಪಡೆಯುತ್ತವೆ. ಅಲ್ಲಿಗೆ ಆ ಕಾಯ್ದೆಯ ಒಪ್ಪಿಗೆಯ ನಿಯಮ ಹೊರಗುಳಿಯಿತು. ಅರಣ್ಯ ಜಮೀನಾದರೆ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಗ್ರಾಮಸಭೆಯ ಮುಂದೆ ಹೋಗಬೇಕಾಗುತ್ತದೆ, ಎರೆಹೊಲಕ್ಕೆ ಅದು ಅನ್ವಯಿಸದು. ನಮ್ಮ ರಾಜ್ಯದಲ್ಲಿ ಐದನೇ ಅನುಸೂಚಿಯ ಪ್ರದೇಶವಿಲ್ಲದ್ದರಿಂದ ಬುಡಕಟ್ಟು ಪ್ರದೇಶಗಳ ಪಂಚಾಯಿತಿ ಕಾಯ್ದೆಯ ಬಲವೂ ಇಲ್ಲ. ಉಳಿದದ್ದು 1993ರ ನಮ್ಮದೇ ಪಂಚಾಯತ್ ರಾಜ್ ಕಾಯ್ದೆ. ಅದರಲ್ಲಿ ವಾರ್ಡ್ ಸಭೆಯಿದೆ, ಗ್ರಾಮಸಭೆಯಿದೆ, ಆದರೆ ಗಾಳಿ ಯೋಜನೆಯೊಂದನ್ನು ಅವುಗಳ ಮುಂದೆ ಇಟ್ಟೇ ತೀರಬೇಕೆಂಬ ಮಾತಿಲ್ಲ. ಪಂಚಾಯಿತಿಯಿಂದ ಏನಾದರೂ ಕೇಳಿದರೂ ಅದು ನಿರಾಕ್ಷೇಪಣೆಯ ಒಂದು ಹಾಳೆ. ಆ ಹಾಳೆಗೆ ಸಹಿ ಬೀಳುವ ಹೊತ್ತಿಗೆ ಊರಿಗೆ ಸುದ್ದಿ ತಿಳಿದಿರಲೇಬೇಕೆಂದಿಲ್ಲ.

ಹಾಗಾದರೆ ಯಾರನ್ನೂ ಕೇಳದೆಯೇ ಗಾಳಿಯಂತ್ರಗಳು ಏಳುತ್ತಿವೆಯೇ? ಇಲ್ಲ, ಕೇಳುತ್ತಾರೆ. ಗದಗ, ಕೊಪ್ಪಳ, ಚಿತ್ರದುರ್ಗ, ವಿಜಯಪುರ, ಬಾಗಲಕೋಟೆಯ ಸೀಮೆಗಳಲ್ಲಿ ಕೇಳುವ ಕ್ರಮಕ್ಕೆ ಒಂದು ರೂಢಿಯೇ ಬಿದ್ದಿದೆ. ಗಾಳಿ ಅಳೆಯುವ ಕಂಬ ಮೊದಲು ನಿಲ್ಲುತ್ತದೆ. ಆಮೇಲೆ ಊರಿಗೆ ಪರಿಚಯವಿರುವ ಮಧ್ಯವರ್ತಿಯೊಬ್ಬ ಉತಾರ ಹಿಡಿದು ಬರುತ್ತಾನೆ, ಬೇಕಾದ ಸರ್ವೆ ನಂಬರಿನ ಮಾಲೀಕನ ಮನೆಯ ಕಟ್ಟೆಯ ಮೇಲೆ ಕೂರುತ್ತಾನೆ, ಎಕರೆಗೆ ಇಷ್ಟು ಎನ್ನುತ್ತಾನೆ, ಕರಾರು ಪತ್ರಕ್ಕೆ ಸಹಿಯಾಗುತ್ತದೆ. ಮರುದಿನ ಮತ್ತೊಂದು ಮನೆ. ಇಡೀ ಊರಿನ ಮುಂದೆ ಒಂದೇ ಪ್ರಶ್ನೆಯಾಗಿ ಬರಬೇಕಾದದ್ದು ಹೀಗೆ ಚೂರುಚೂರಾಗಿ, ಮನೆಮನೆಯ ಗುಟ್ಟಾಗಿ ಬರುತ್ತದೆ. ನನ್ನ ವಾದ ಇಷ್ಟೇ. ಹೊಲದ ಮಾಲೀಕನ ಒಪ್ಪಿಗೆ ಪಡೆದದ್ದನ್ನು ಊರಿನ ಒಪ್ಪಿಗೆ ಎಂದು ಲೆಕ್ಕ ಹಿಡಿಯುವುದು ತಪ್ಪು. ಊರನ್ನು ಊರಾಗಿ ಕೇಳಬೇಕು, ಅದೂ ಮೊದಲ ಕರಾರಿಗೆ ಸಹಿ ಬೀಳುವ ಮುಂಚೆ. ಗಾಳಿ ವಿದ್ಯುತ್ ಬೇಡವೆಂದು ಹೀಗೆ ಹೇಳುತ್ತಿಲ್ಲ. ಅದು ಬೇಕು, ಬೇಗ ಬೇಕು, ಬಂದ ಮೇಲೆ ಜಗಳವಿಲ್ಲದೆ ನಿಲ್ಲಬೇಕು ಎಂಬ ಕಾರಣಕ್ಕೇ ಹೇಳುತ್ತಿದ್ದೇನೆ.

ಮಾಲೀಕನ ಹೊಲದಲ್ಲಿ ಯಂತ್ರ ನಿಲ್ಲುವುದು ನಿಜ, ಆದರೆ ಅದು ತಲುಪುವ ಜಾಗ ಅವನ ಬದುವಿಗೆ ಮುಗಿಯುವುದಿಲ್ಲ. ಈಗ ನಮ್ಮಲ್ಲಿ ನಿಲ್ಲುತ್ತಿರುವ 3 ಮೆಗಾವ್ಯಾಟ್ ಆಸುಪಾಸಿನ ಯಂತ್ರದ ಕಂಬವೇ 140 ಮೀಟರ್ ಮುಟ್ಟುತ್ತದೆ, ಒಂದೊಂದು ರೆಕ್ಕೆ 70 ಮೀಟರ್ ಉದ್ದವಿರುತ್ತದೆ. ವಿಜಯಪುರದ ಗೋಲಗುಮ್ಮಟದ ಎತ್ತರ ಸುಮಾರು 51 ಮೀಟರ್. ಅಂಥ ನಾಲ್ಕನ್ನು ಒಂದರ ಮೇಲೊಂದು ಇಟ್ಟರೆ ರೆಕ್ಕೆಯ ತುದಿ ಸಿಗುತ್ತದೆ. 70 ಮೀಟರಿನ ರೆಕ್ಕೆಯನ್ನು ಹೊತ್ತ ಲಾರಿ ನಮ್ಮ ಬಂಡಿದಾರಿಯಲ್ಲಿ ತಿರುಗಲಾರದು. ದಾರಿಯನ್ನು ಅಗಲಿಸಬೇಕು, ತಿರುವನ್ನು ನೇರ ಮಾಡಬೇಕು, ಹಳ್ಳಕ್ಕೆ ಮಣ್ಣು ತುಂಬಿ ದಾಟಬೇಕು. ಎರೆಭೂಮಿಯಲ್ಲಿ ಗರಸು ಹಾಕಿ ಎತ್ತರಿಸಿದ ರಸ್ತೆ ಮಳೆಗಾಲದಲ್ಲಿ ಒಡ್ಡಿನಂತೆ ನಿಂತುಬಿಟ್ಟರೆ ಮೇಲಿನ ಹೊಲದಲ್ಲಿ ನೀರು ನಿಲ್ಲುತ್ತದೆ, ಕೆಳಗಿನ ಹೊಲಕ್ಕೆ ಕೊರಕಲು ಬೀಳುತ್ತದೆ. ಆ ಎರಡು ಹೊಲಗಳ ಒಡೆಯರು ಯಾವ ಕರಾರಿಗೂ ಸಹಿ ಹಾಕಿದವರಲ್ಲ. ಯಂತ್ರದಿಂದ ಉಪಕೇಂದ್ರಕ್ಕೆ ತಂತಿ ಎಳೆಯಲು ಕಂಬಗಳು ಬೇರೆ ಹೊಲಗಳ ಮೇಲೆ ಹೋಗುತ್ತವೆ. ಬೆಳಗ್ಗೆ, ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ತಿರುಗುವ ರೆಕ್ಕೆಯ ನೆರಳು ಮನೆಯ ಗೋಡೆಯ ಮೇಲೆ ಕಣ್ಣು ಪಿಳುಕಿಸಿದಂತೆ ಹಾಯುತ್ತದೆ. ರಾತ್ರಿ ತುದಿಯ ಕೆಂಪು ದೀಪ. ಮತ್ತೆ ಸದ್ದು. ಮನೆಗಳಿಂದ 500 ಮೀಟರ್ ಒಳಗೆ ಯಂತ್ರ ನಿಲ್ಲಿಸಬಾರದೆಂದು ನವೀಕರಿಸಬಹುದಾದ ಇಂಧನ ಸಚಿವಾಲಯ 2016ರ ಮಾರ್ಗಸೂಚಿಯಲ್ಲಿ ಹೇಳಿದೆ, ವಸತಿ ಪ್ರದೇಶದಲ್ಲಿ ರಾತ್ರಿಯ ಸದ್ದು 45 ಡೆಸಿಬಲ್ ದಾಟಬಾರದೆಂದು 2000ನೇ ಇಸವಿಯ ಶಬ್ದ ನಿಯಮಗಳಿವೆ. ನಿಯಮವಿರುವುದು ಒಳ್ಳೆಯದೇ. ಆದರೆ ಹೊಲದಲ್ಲೇ ಮನೆ ಕಟ್ಟಿಕೊಂಡವರನ್ನು, ಊರಾಚೆಯ ತಾಂಡಾವನ್ನು, ಹಟ್ಟಿಯನ್ನು ನಕ್ಷೆ ಬರೆದವನು ಮನೆ ಎಂದು ಎಣಿಸಿದ್ದಾನೋ ಇಲ್ಲವೋ ಎಂಬುದು ಊರವರು ನಕ್ಷೆ ನೋಡಿದಾಗಷ್ಟೇ ಗೊತ್ತಾಗುತ್ತದೆ. ನಕ್ಷೆಯನ್ನು ಜನರ ಮುಂದೆ ಹರಡುವ ಸಂದರ್ಭವೇ ನಮ್ಮ ವ್ಯವಸ್ಥೆಯಲ್ಲಿಲ್ಲ.

ಒಬ್ಬೊಬ್ಬರನ್ನೇ ಕೇಳುವ ಈ ಪದ್ಧತಿಯಲ್ಲಿ ಸೋಲುವವನು ನೆರೆಯವನೊಬ್ಬನೇ ಅಲ್ಲ. ಸಹಿ ಹಾಕಿದ ರೈತನೂ ಸೋಲುತ್ತಾನೆ. ಒರಟಾಗಿ ಒಂದು ಲೆಕ್ಕ ಹಾಕೋಣ. ವರ್ಷಕ್ಕೆ 8,760 ಗಂಟೆ. 3 ಮೆಗಾವ್ಯಾಟಿನ ಯಂತ್ರ ತನ್ನ ಪೂರ್ಣ ಸಾಮರ್ಥ್ಯದ ನೂರಕ್ಕೆ 30ರಷ್ಟು ದುಡಿದರೆ ವರ್ಷಕ್ಕೆ 78 ಲಕ್ಷ ಯೂನಿಟ್ ದಾಟುತ್ತದೆ. ಯೂನಿಟ್‌ಗೆ 3 ರೂಪಾಯಿ ಹಿಡಿದರೂ ವಾರ್ಷಿಕ ಆದಾಯ 2 ಕೋಟಿ 36 ಲಕ್ಷ. ಹೂಡಿಕೆ, ಸಾಲದ ಬಡ್ಡಿ, ನಿರ್ವಹಣೆ ಎಲ್ಲವೂ ಇದರಿಂದಲೇ ಹೋಗಬೇಕು, ಇದೆಲ್ಲ ಲಾಭವಲ್ಲ ಎಂಬುದು ಸರಿ. ಆದರೂ ಎರಡು ಮೂರು ಎಕರೆ ಕೊಡುತ್ತಿರುವವನಿಗೆ ಈ ಅಂದಾಜು ಗೊತ್ತಿದ್ದು ಮಾತಿಗೆ ಕೂರುವುದಕ್ಕೂ ಗೊತ್ತಿಲ್ಲದೆ ಕೂರುವುದಕ್ಕೂ ಬಹಳ ಅಂತರವಿದೆ. ಪಕ್ಕದ ಹೊಲದವನಿಗೆ ಎಷ್ಟು ಕೊಟ್ಟರೆಂದು ತಿಳಿಯದಂತೆ ನೋಡಿಕೊಳ್ಳುವುದೇ ಮಧ್ಯವರ್ತಿಯ ಕಸುಬು. ಒಂದೇ ಊರಿನಲ್ಲಿ ಒಂದೇ ಗುಣದ ಭೂಮಿಗೆ ಬೇರೆ ಬೇರೆ ದರ ಬೀಳುವುದು ಹೀಗೆ. ಇಪ್ಪತ್ತೈದು ವರ್ಷ ಕಳೆದು ಯಂತ್ರ ಮುದಿಯಾದಾಗ ಅದನ್ನು ಇಳಿಸುವವರು ಯಾರು, ನೆಲದೊಳಗಿನ ಕಾಂಕ್ರೀಟ್ ತೆಗೆಯುತ್ತಾರೋ ಬಿಟ್ಟು ಹೋಗುತ್ತಾರೋ, ಕಂಪನಿ ಕೈ ಬದಲಿಸಿದರೆ ಕರಾರಿನ ಹೊಣೆ ಯಾರದ್ದು ಎಂಬ ಪ್ರಶ್ನೆಗಳು ಕಟ್ಟೆಯ ಮೇಲಿನ ಮಾತಿನಲ್ಲಿ ಏಳುವುದು ಕಡಿಮೆ. ಚಾವಡಿಯಲ್ಲಿ ನೂರು ಜನ ಕೂತಾಗ, ಬೇರೆ ಊರಿನ ಅನುಭವ ಕೇಳಿದ್ದವನೊಬ್ಬ ಅವುಗಳನ್ನು ಎತ್ತಿಯೇ ಎತ್ತುತ್ತಾನೆ.

ಇನ್ನು ಉತಾರದಲ್ಲಿ ಹೆಸರೇ ಇಲ್ಲದವರು. ಪಾಲಿಗೆ ಹೊಲ ಮಾಡುವವನಿಗೆ ಜಮೀನು ಹೋದರೆ ದುಡಿಮೆ ಹೋಗುತ್ತದೆ, ಹಣ ಬರುವುದು ಮಾಲೀಕನಿಗೆ. ಮನೆಯ ಹೆಂಗಸರು ಕಳೆ ತೆಗೆಯುವ, ಕಡಲೆ ಕೀಳುವ ಹೊಲವದು, ಕಾಗದದಲ್ಲಿ ಹೆಸರು ಗಂಡಸಿನದು. ಗೋಮಾಳದಲ್ಲಿ, ಗುಡ್ಡದ ಇಳಿಜಾರಿನಲ್ಲಿ ಮಂದೆ ಮೇಯಿಸುವ ಕುರಿಗಾರರಂತೂ ಯಾವ ಲೆಕ್ಕದಲ್ಲೂ ಇಲ್ಲ. ಅವರು ತಲೆಮಾರುಗಳಿಂದ ಬಳಸುವ ಹುಲ್ಲುಗಾವಲು ಸರ್ಕಾರಿ ದಾಖಲೆಯಲ್ಲಿ ಪಾಳು ಭೂಮಿ. ಪಾಳು ಎಂದು ಬರೆದ ಮೇಲೆ ಅದನ್ನು ಕೊಡುವುದು ಸುಲಭ. ಆದರೆ ಆ ಬಯಲು ನಿಜಕ್ಕೂ ಪಾಳಲ್ಲ. ಕೃಷ್ಣಮೃಗವೂ ತೋಳವೂ ಉಳಿದಿರುವುದು ಇಂಥ ಒಣ ಹುಲ್ಲುಗಾವಲುಗಳಲ್ಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾರಿಯಾ ಠಾಕರ್ ಮತ್ತು ಸಂಗಡಿಗರು ಸಾತಾರಾ ಜಿಲ್ಲೆಯ ಚಾಳಕೇವಾಡಿ ಪ್ರಸ್ಥಭೂಮಿಯಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಕಣ್ಣು ತೆರೆಸುವಂಥದ್ದು. ಗಾಳಿಯಂತ್ರಗಳಿರುವ ಕಡೆ ಬೇಟೆಗಾರ ಹಕ್ಕಿಗಳು ಯಂತ್ರಗಳಿಲ್ಲದ ಕಡೆಗಿಂತ ಸುಮಾರು ನಾಲ್ಕು ಪಟ್ಟು ಕಡಿಮೆ ಇದ್ದವು. ಹದ್ದು ಗಿಡುಗಗಳ ಭಯ ಕಡಿಮೆಯಾದ್ದರಿಂದ ಅವು ತಿನ್ನುವ ಹಲ್ಲಿ ಜಾತಿಯ ಸಂಖ್ಯೆ ಏರಿತ್ತು, ಆ ಹಲ್ಲಿಗಳ ನಡವಳಿಕೆಯೂ ಮೈಯ ಸ್ಥಿತಿಯೂ ಬದಲಾಗಿತ್ತು. ಯಂತ್ರವೇ ಆ ಬಯಲಿನ ಹೊಸ ಬೇಟೆಗಾರನಂತೆ ಕೆಲಸ ಮಾಡುತ್ತಿತ್ತು. ಇದರ ಎದುರಿಗೆ ಇನ್ನೊಂದನ್ನೂ ಹೇಳಬೇಕು. ಹರಪನಹಳ್ಳಿಯ ಯಂತ್ರಗಳಡಿ ಸಂಶೋಧಕರು ಒಂದು ವರ್ಷ ಹುಡುಕಿದಾಗ ಸಿಕ್ಕಿದ್ದು ಏಳು ಸತ್ತ ಹಕ್ಕಿಗಳು, ಕಛ್‌ನ ಸಾಮಖಿಯಾಳಿಯಲ್ಲಿ ಮೂರು ವರ್ಷಕ್ಕೆ 47. ಅಂದರೆ ಜಾಗದಿಂದ ಜಾಗಕ್ಕೆ ಪರಿಣಾಮ ಬದಲಾಗುತ್ತದೆ. ಎಲ್ಲ ಕಡೆಯೂ ಅನಾಹುತ ಎನ್ನುವುದು ಸುಳ್ಳು, ಎಲ್ಲ ಕಡೆಯೂ ಬಿಳಿ ಎನ್ನುವುದೂ ಸುಳ್ಳು. ಯಾವ ಗುಡ್ಡದ ಮೇಲೆ ಯಾವ ಹಕ್ಕಿ ಯಾವ ತಿಂಗಳು ಸುಳಿಯುತ್ತದೆಂದು ಆ ಗುಡ್ಡದಲ್ಲೇ ದಿನ ಕಳೆಯುವವರಿಗೆ ಗೊತ್ತು, ಆದರೆ ಅವರನ್ನು ಕೇಳುವ ಹೊಣೆ ಯಾರ ಮೇಲೂ ಇಲ್ಲ.

ಕೇಳದಿದ್ದರೆ ಏನಾಗುತ್ತದೆಂದು ನೋಡಲು ದೂರ ಹೋಗಬೇಕಿಲ್ಲ. ಗಡಿಯಾಚೆ, ಆಂಧ್ರದ ಅನಂತಪುರ ಸೀಮೆಯಲ್ಲಿ ಕಲ್ಪವಲ್ಲಿ ಎಂಬ ಪ್ರದೇಶವಿದೆ. ಬೋಳಾಗಿದ್ದ ಕಂದಾಯ ಭೂಮಿಯನ್ನು ಸುತ್ತಲಿನ ಹಳ್ಳಿಗಳವರು 1990ರ ದಶಕದಿಂದ ಟಿಂಬಕ್ಟು ಕಲೆಕ್ಟಿವ್ ಸಂಸ್ಥೆಯ ಜೊತೆ ಸೇರಿ ಕಾದು, ಬೆಂಕಿ ಬೀಳದಂತೆ ನೋಡಿಕೊಂಡು, ಏಳು ಸಾವಿರಕ್ಕೂ ಹೆಚ್ಚು ಎಕರೆ ಕಾಡು, ಹುಲ್ಲುಗಾವಲು ಮರಳಿ ಬೆಳೆಸಿದರು. ದಾಖಲೆಯಲ್ಲಿ ಮಾತ್ರ ಅದು ಪಾಳಾಗಿಯೇ ಉಳಿಯಿತು. ಗಾಳಿಯಂತ್ರಗಳು ಆ ಗುಡ್ಡಗಳ ನೆತ್ತಿಗೆ ಬಂದವು, ಇಳಿಜಾರು ಕಡಿದು ರಸ್ತೆ ಮಾಡಿದರು, ಮಣ್ಣು ಜಾರಿತು, ನೀರಿನ ಹರಿವು ಕೆಟ್ಟಿತು. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಎರಡು ಕಡೆಯವರೂ ಪರಿಸರದ ಪರವಾಗಿಯೇ ದುಡಿಯುತ್ತಿದ್ದೇವೆಂದು ನಂಬಿದವರು ಎಂಬುದು ಇಲ್ಲಿನ ಸಂಕಟ. ಒಂದೇ ಒಂದು ತಿಂಗಳು ಮೊದಲು ಕೂತು ನಕ್ಷೆ ನೋಡಿದ್ದರೆ ರಸ್ತೆಯ ಜಾಡನ್ನಾದರೂ ಬದಲಿಸಬಹುದಿತ್ತು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2013ರಲ್ಲೇ ಪವನ ವಿದ್ಯುತ್ತಿಗೂ ಪರಿಸರ ಪರಿಣಾಮ ಅಧ್ಯಯನ ಬೇಕೆಂದು ವಾದಿಸಿತ್ತು. ನಮ್ಮ ಗದಗದ ಕಪ್ಪತಗುಡ್ಡದ ನೆತ್ತಿಯಲ್ಲೂ ಗಾಳಿಯಂತ್ರಗಳಿವೆ. ಅದೇ ಗುಡ್ಡಕ್ಕೆ ಕೊಟ್ಟಿದ್ದ ಸಂರಕ್ಷಿತ ಪ್ರದೇಶದ ಮಾನ್ಯತೆಯನ್ನು ಸರ್ಕಾರ 2016ರಲ್ಲಿ ಹಿಂಪಡೆದಾಗ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ನೇತೃತ್ವದಲ್ಲಿ ಜಿಲ್ಲೆಯೇ ಎದ್ದು ನಿಂತಿತು. 2017ರಲ್ಲಿ ಮಾನ್ಯತೆ ಮರಳಿತು, 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಆ ಸೀಮೆಯ ಜನರಿಗೆ ತಮ್ಮ ಗುಡ್ಡದ ಬಗ್ಗೆ ಹೇಳಲು ಮಾತಿಲ್ಲ ಎಂದು ಯಾರೂ ಅನ್ನಲಾರರು.

ಈಗ ವಿರೋಧದ ಮಾತುಗಳಿಗೆ ಬರೋಣ. ಮೊದಲನೆಯದೇ ಎಲ್ಲಕ್ಕಿಂತ ಭಾರವಾದದ್ದು. ಹವಾಮಾನ ಕೈ ಮೀರುತ್ತಿದೆ, 2030ರೊಳಗೆ 500 ಗಿಗಾವ್ಯಾಟ್ ಪಳೆಯುಳಿಕೆಯೇತರ ವಿದ್ಯುತ್ ಸಾಮರ್ಥ್ಯ ಕಟ್ಟುವ ಗುರಿ ದೇಶದ ಮುಂದಿದೆ, ಇಂಥ ಹೊತ್ತಿನಲ್ಲಿ ಸಭೆಗಳನ್ನು ಮಾಡುತ್ತ ಕೂರುವುದೇ ಎಂಬ ಪ್ರಶ್ನೆ. ಕಲ್ಲಿದ್ದಲಿನ ಬೆಲೆ ಏನೆಂದು ರಾಯಚೂರಿನ ಶಕ್ತಿನಗರದ ಹಾರುಬೂದಿ ಉಸಿರಾಡಿದವರಿಗೆ ಹೇಳಿಕೊಡಬೇಕಿಲ್ಲ. ಕರ್ನಾಟಕದಲ್ಲಿ ಈಗ 7 ಸಾವಿರ ಮೆಗಾವ್ಯಾಟ್‌ಗೂ ಹೆಚ್ಚು ಪವನ ವಿದ್ಯುತ್ ಸಾಮರ್ಥ್ಯವಿದೆ, 120 ಮೀಟರ್ ಎತ್ತರದಲ್ಲಿ ಲೆಕ್ಕ ಹಾಕಿದರೆ ರಾಜ್ಯದ ಸಾಧ್ಯತೆ 124 ಗಿಗಾವ್ಯಾಟ್ ಎಂದು ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆ ಅಂದಾಜಿಸಿದೆ. ಈ ಕೆಲಸ ನಿಲ್ಲಬಾರದು ಎನ್ನುವವರಲ್ಲಿ ನಾನೂ ಇದ್ದೇನೆ. ಆದರೆ ಸಭೆಗೆ ಎಷ್ಟು ಕಾಲ ಹಿಡಿಯುತ್ತದೆಂದು ನೋಡಿ. 2006ರ ಅಧಿಸೂಚನೆ ಅಹವಾಲು ಸಭೆ ಮುಗಿಸಿ ವರದಿ ಕಳಿಸಲು ಕೊಟ್ಟಿರುವ ಗಡುವು 45 ದಿನ. ಗಾಳಿಯ ವೇಗ ಅಳೆಯಲು ಕಂಪನಿಗಳು ಕಂಬ ನೆಟ್ಟು ಸಾಮಾನ್ಯವಾಗಿ ಒಂದು ವರ್ಷವಾದರೂ ಕಾಯುತ್ತವೆ, ಮುಂಗಾರಿನ ಗಾಳಿ ಹೇಗೆ, ಹಿಂಗಾರಿನದು ಹೇಗೆ ಎಂದು ತಿಳಿಯದೆ ಸಾಲ ಕೊಡಲು ಯಾವ ಬ್ಯಾಂಕೂ ಒಪ್ಪುವುದಿಲ್ಲ. ಆ ಒಂದು ವರ್ಷದ ಒಳಗೇ 45 ದಿನ ಜನರ ಮಾತು ಕೇಳಿದರೆ ಯೋಜನೆಗೆ ಒಂದು ದಿನವೂ ತಡವಾಗದು.

ಕೇಳದೆ ಕಟ್ಟಿದರೆ ತಡ ಆಮೇಲೆ ಬರುತ್ತದೆ, ಹೆಚ್ಚಿನ ಬೆಲೆ ಹೊತ್ತು ಬರುತ್ತದೆ. ನಾರ್ವೆಯ ಫೋಸೆನ್ ಪರ್ಯಾಯದ್ವೀಪದಲ್ಲಿ ಹಿಮಸಾರಂಗ ಮೇಯಿಸುವ ಸಾಮಿ ಜನರ ಚಳಿಗಾಲದ ಹುಲ್ಲುಗಾವಲಿನ ಮೇಲೆ ಸ್ಟೋರ್‌ಹೈಯ, ರೋಆನ್ ಎಂಬ ಎರಡು ಗಾಳಿ ಯೋಜನೆಗಳಲ್ಲಿ 151 ಯಂತ್ರಗಳು ಎದ್ದವು. ಅಲ್ಲಿ ಸಾಮಿಗಳನ್ನು ಕೇಳಲೇ ಇಲ್ಲ ಎನ್ನುವಂತಿಲ್ಲ. ಪರವಾನಗಿಯ ಹಂತದಲ್ಲೇ ಅವರು ಬೇಡವೆಂದಿದ್ದರು, ಆ ಮಾತನ್ನು ಬದಿಗಿಟ್ಟು ಕೆಲಸ ಮುಂದುವರಿಯಿತು. ಯಂತ್ರಗಳೆಲ್ಲ ತಿರುಗತೊಡಗಿದ ಮೇಲೆ, 2021ರ ಅಕ್ಟೋಬರ್ 11ರಂದು, ಆ ದೇಶದ ಸುಪ್ರೀಂ ಕೋರ್ಟ್ ಪರವಾನಗಿಯೇ ಸಾಮಿಗಳ ಸಾಂಸ್ಕೃತಿಕ ಹಕ್ಕಿಗೆ ವಿರುದ್ಧವೆಂದು ಒಮ್ಮತದಿಂದ ತೀರ್ಪು ಕೊಟ್ಟಿತು. ತಿರುಗುತ್ತಿರುವ ಯಂತ್ರಗಳನ್ನು ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. 2023ರಲ್ಲಿ ಯುವಜನ ಓಸ್ಲೊದ ಇಂಧನ ಸಚಿವಾಲಯದ ಬಾಗಿಲಲ್ಲಿ ಕೂತರು, ಸರ್ಕಾರ ಕ್ಷಮೆ ಕೇಳಿತು, ಒಪ್ಪಂದಗಳು ಮುಗಿಯುವ ಹೊತ್ತಿಗೆ 2024 ಬಂದಿತ್ತು. ಹಿಮಸಾರಂಗ ಮೇಯಿಸುವವರ ಮಾತು ಹೊರಗಿಟ್ಟು ಉಳಿಸಿದ ತಿಂಗಳುಗಳಿಗೆ ತೆತ್ತದ್ದು ವರ್ಷಗಟ್ಟಲೆಯ ವ್ಯಾಜ್ಯ.

ಕೇಳಿದರೆ ಜನ ಬೇಡವೆನ್ನುತ್ತಾರೆ, ತಮ್ಮ ಹಿತ್ತಲಿನಲ್ಲಿ ಮಾತ್ರ ಬೇಡ ಎನ್ನುವ ಸ್ವಾರ್ಥ ಎಲ್ಲರಲ್ಲೂ ಇದೆ ಎಂಬುದು ಎರಡನೇ ಆಕ್ಷೇಪ. ಇದನ್ನು ಅಂಕಿಅಂಶಗಳು ಒಪ್ಪುವುದಿಲ್ಲ. ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯ ಗಾಳಿಯಂತ್ರಗಳಿಂದ ಐದು ಮೈಲಿಯೊಳಗೆ ವಾಸಿಸುವ 1,700ಕ್ಕೂ ಹೆಚ್ಚು ಜನರನ್ನು ಮಾತನಾಡಿಸಿದಾಗ ಕೆಟ್ಟ ಅಭಿಪ್ರಾಯ ಹೊಂದಿದ್ದವರು ನೂರಕ್ಕೆ ಎಂಟು ಮಂದಿ ಮಾತ್ರ. ಯೋಜನೆ ರೂಪಿಸಿದ ಬಗೆ ನ್ಯಾಯವಾಗಿತ್ತು ಎಂದು ಅನ್ನಿಸಿದವರು ಯಂತ್ರವನ್ನೂ ಒಪ್ಪಿಕೊಂಡಿದ್ದರು. ಡಚ್ ವಿದ್ವಾಂಸ ಮಾರ್ಟೆನ್ ವೋಲ್ಸಿಂಕ್ 2000ನೇ ಇಸವಿಯಿಂದಲೂ ಹೇಳುತ್ತ ಬಂದಿರುವುದು ಇದನ್ನೇ, ಸ್ವಾರ್ಥ ಎಂದು ನಾವು ಬಗೆಯುವುದು ಬಹುಪಾಲು ಅನ್ಯಾಯದ ಅನುಭವ. ಕೋಪನ್‌ಹೇಗನ್ ಬಂದರಿನ ಹೊರಗಿನ ಮಿಡಲ್‌ಗ್ರುಂಡೆನ್ ಗಾಳಿ ಯೋಜನೆ ಹಳ್ಳಿಯದಲ್ಲ, ಕಡಲಿನದು, ಆದರೂ ಕೇಳುವುದರಿಂದ ಏನಾಗುತ್ತದೆಂದು ಅದರಷ್ಟು ಚೆನ್ನಾಗಿ ತೋರಿಸುವ ಉದಾಹರಣೆ ಕಡಿಮೆ. ಮೂರು ಸಾಲಿನಲ್ಲಿ 27 ಯಂತ್ರ ನಿಲ್ಲಿಸುವ ಯೋಜನೆಯಿತ್ತು. ಸಾರ್ವಜನಿಕ ಅಭಿಪ್ರಾಯ ಕೇಳಿದಾಗ ನಗರದ ಕಡಲ ನೋಟ ಕೆಡುತ್ತದೆಂಬ ಆಕ್ಷೇಪ ಬಂತು. ಯೋಜನೆಯನ್ನು ಕೈಬಿಡಲಿಲ್ಲ, ತಿದ್ದಿದರು. ದೊಡ್ಡ ಯಂತ್ರಗಳನ್ನು ಆರಿಸಿಕೊಂಡು ಸಂಖ್ಯೆಯನ್ನು 20ಕ್ಕೆ ಇಳಿಸಿದರು, ಒಂದೇ ಬಾಗಿದ ಸಾಲಿನಲ್ಲಿ ನಿಲ್ಲಿಸಿದರು. 40 ಮೆಗಾವ್ಯಾಟಿನ ಆ ಯೋಜನೆ 2000ನೇ ಇಸವಿಯಲ್ಲಿ ಮುಗಿಯಿತು, ಅದರಲ್ಲಿ ಅರ್ಧ ಪಾಲು ಎಂಟು ಸಾವಿರಕ್ಕೂ ಹೆಚ್ಚು ಸಾಮಾನ್ಯ ಜನ ಷೇರು ಹಾಕಿದ ಸಹಕಾರಿ ಸಂಘದ್ದು. ಸಹಕಾರಿ ಸಂಘ ಎಂಬುದು ಗದಗ ಜಿಲ್ಲೆಗೆ ಹೊಸ ಮಾತಲ್ಲ. ಕಣಗಿನಹಾಳದಲ್ಲಿ 1905ರಲ್ಲೇ ಹುಟ್ಟಿದ ಕೃಷಿ ಪತ್ತಿನ ಸಂಘ ನಮ್ಮ ಚಳವಳಿಯ ಬೇರು.

ಆದರೆ ಕೇಳುವುದು ಎಂದರೆ ಒಬ್ಬ ಬೇಡವೆಂದರೂ ನಿಲ್ಲಿಸುವುದು ಎಂದಾಗಬಾರದು. ಇಂಗ್ಲೆಂಡ್ 2015ರಲ್ಲಿ ಆ ತಪ್ಪು ಮಾಡಿತು. ಸ್ಥಳೀಯರ ಆಕ್ಷೇಪಗಳೆಲ್ಲ ಪೂರ್ತಿ ಬಗೆಹರಿಯಬೇಕು, ಅವರ ಬೆಂಬಲವಿರಬೇಕು ಎಂಬ ಷರತ್ತು ಎಷ್ಟು ಬಿಗಿಯಾಗಿತ್ತೆಂದರೆ ನೆಲದ ಮೇಲಿನ ಗಾಳಿ ಯೋಜನೆಗಳು ಅಲ್ಲಿ ಹೆಚ್ಚುಕಡಿಮೆ ನಿಂತೇಹೋದವು. 2023ರಲ್ಲಿ ಸ್ವಲ್ಪ ಸಡಿಲಿಸಿ, 2024ರಲ್ಲಿ ಹೊಸ ಸರ್ಕಾರ ಅದನ್ನು ತೆಗೆದುಹಾಕಿತು. ಸಭೆಯ ಕೆಲಸ ಯೋಜನೆಯನ್ನು ತಿದ್ದುವುದು. ಯಂತ್ರವನ್ನು ಮುನ್ನೂರು ಮೀಟರ್ ಆಚೆ ಸರಿಸುವುದು, ರಸ್ತೆಗೆ ಮೋರಿ ಹಾಕಿಸುವುದು, ಗುಡ್ಡದ ಒಂದು ಮಗ್ಗುಲನ್ನು ಬಿಟ್ಟುಬಿಡುವುದು, ತಂತಿಯನ್ನು ಕೆರೆಯ ಮೇಲೆ ಹಾಯಿಸದಿರುವುದು. ಪೂರ್ತಿ ಬೇಡವೆನ್ನಲು ಬಲವಾದ ಕಾರಣವಿದ್ದರೆ ಅದನ್ನು ಅಧಿಕಾರಿ ಬರೆದು, ಒಪ್ಪದಿದ್ದರೆ ಏಕೆ ಒಪ್ಪಲಿಲ್ಲವೆಂದೂ ಬರೆಯಬೇಕು.

ಅಹವಾಲು ಸಭೆಗಳೇ ನಾಟಕವಾಗಿರುವಾಗ ಗಾಳಿಗೂ ಒಂದು ನಾಟಕ ಏಕೆ ಎಂದು ಕೇಳುವವರಿದ್ದಾರೆ. ಗಣಿಗಳ ಸಭೆ ಕಂಡವರ ಈ ಬೇಸರ ನನಗೆ ಅರ್ಥವಾಗುತ್ತದೆ. ಪೊಲೀಸರ ಕಾವಲು, ಬಸ್ಸಿನಲ್ಲಿ ಕರೆತಂದ ಜನ, ಇಂಗ್ಲಿಷಿನ ದಪ್ಪ ವರದಿ. ಆದರೂ ದಾಖಲೆಯಾಗುವ ಸಭೆಗೆ ಒಂದು ಬೆಲೆಯಿದೆ. ಛತ್ತೀಸ್‌ಗಡದ ರಾಯಗಡ ಜಿಲ್ಲೆಯಲ್ಲಿ ಕಲ್ಲಿದ್ದಲು ಗಣಿಯೊಂದಕ್ಕೆ 2008ರ ಜನವರಿಯಲ್ಲಿ ನಡೆದ ಸಭೆ ಅಂಥದ್ದೇ ಆಗಿತ್ತು. ಅದು ಹೇಗೆ ನಡೆಯಿತೆಂಬ ದಾಖಲೆ ನೋಡಿಯೇ ಹಸಿರು ನ್ಯಾಯಮಂಡಳಿ 2012ರಲ್ಲಿ ಆ ಗಣಿಯ ಪರಿಸರ ಅನುಮತಿಯನ್ನು ರದ್ದುಮಾಡಿತು. ಕೆಟ್ಟದಾಗಿ ನಡೆದ ಸಭೆಯನ್ನು ನ್ಯಾಯಾಲಯಕ್ಕೆ ಒಯ್ಯಬಹುದು, ನಡೆಯದ ಸಭೆಯನ್ನು ಎಲ್ಲಿಗೆ ಒಯ್ಯುವುದು? ನನ್ನ ಜಮೀನು ನನ್ನ ಇಷ್ಟ ಎನ್ನುವ ರೈತನ ಹಕ್ಕಿಗೂ ಇದರಿಂದ ಕುತ್ತಿಲ್ಲ. ಕೊಡುವುದು ಬಿಡುವುದು ಅವನದೇ ತೀರ್ಮಾನ. ಆದರೆ ತನ್ನ ಹೊಲದಲ್ಲಿ ಕಲ್ಲು ಒಡೆಯುವ ಕ್ರಷರ್ ಹಾಕಲೂ ಅವನು ಊರಿನ, ಸರ್ಕಾರದ ಮಾತು ಕೇಳಬೇಕಾಗುತ್ತದೆ.

ಲಾಭದ ಪಾಲಿನ ಮಾತನ್ನೂ ಸಭೆಯಲ್ಲೇ ಆಡಬೇಕು. 2008ರ ಜಲವಿದ್ಯುತ್ ನೀತಿಯಲ್ಲಿ ಯೋಜನೆಯ ವಿದ್ಯುತ್ತಿನ ನೂರಕ್ಕೆ ಒಂದು ಪಾಲು ಸ್ಥಳೀಯ ಅಭಿವೃದ್ಧಿಗೆಂದು ಇಟ್ಟಿದ್ದಾರೆ, 2015ರಿಂದ ಗಣಿ ಜಿಲ್ಲೆಗಳಿಗೆ ಖನಿಜ ಪ್ರತಿಷ್ಠಾನದ ನಿಧಿಯಿದೆ. ಸ್ಕಾಟ್ಲೆಂಡಿನಲ್ಲಿ ನೆಲದ ಮೇಲಿನ ಗಾಳಿ ಯೋಜನೆಗಳು ಪ್ರತಿ ಮೆಗಾವ್ಯಾಟಿಗೆ ವರ್ಷಕ್ಕೆ 5,000 ಪೌಂಡ್ ಊರಿನ ನಿಧಿಗೆ ಕೊಡಬೇಕೆಂಬುದು ಸರ್ಕಾರದ ಮಾರ್ಗದರ್ಶನ. ನೀರಿಗೂ ಅದಿರಿಗೂ ಒಪ್ಪಿಕೊಂಡ ತತ್ವವನ್ನು ಗಾಳಿಗೆ ಮಾತ್ರ ಒಪ್ಪದಿರಲು ಕಾರಣ ಕಾಣುವುದಿಲ್ಲ. ಇದಕ್ಕೆ ದೆಹಲಿಯ ತಿದ್ದುಪಡಿಗೆ ಕಾಯಬೇಕಿಲ್ಲ. ರಾಜ್ಯದಲ್ಲಿ ಯೋಜನೆ ಹಂಚುವುದು ನಮ್ಮದೇ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಗಮ, ಕ್ರೆಡೆಲ್. 2022ರಿಂದ 2027ರವರೆಗಿನ ರಾಜ್ಯ ನೀತಿ ಹತ್ತು ಗಿಗಾವ್ಯಾಟ್ ಹೊಸ ಸಾಮರ್ಥ್ಯದ ಗುರಿ ಇಟ್ಟುಕೊಂಡಿದೆ. ಮುಂದಿನ ನೀತಿ ಬರೆಯುವಾಗ, ಗಾಳಿ ಅಳೆಯುವ ಕಂಬ ನಿಂತ ಮೂರು ತಿಂಗಳೊಳಗೆ ಯಂತ್ರಗಳ ಸರ್ವೆ ನಂಬರು, ರಸ್ತೆ, ತಂತಿಯ ಜಾಡು ಬರೆದ ಕನ್ನಡದ ನಕ್ಷೆಯನ್ನು ಪಂಚಾಯಿತಿ ಗೋಡೆಗೆ ಅಂಟಿಸಿ ಗ್ರಾಮಸಭೆ ಕರೆಯಬೇಕು, ಅದಕ್ಕೂ ಮೊದಲು ಮಾಡಿಕೊಂಡ ಕರಾರು ಊರ್ಜಿತವಲ್ಲ ಎಂದು ಒಂದು ಷರತ್ತು ಸೇರಿಸಿದರೆ ಸಾಕು.

ಸಭೆಯ ದಿನ ಯಾವುದು ಎಂಬುದೂ ಸಣ್ಣ ಮಾತಲ್ಲ. ಮುಂಗಾರು ಬಿತ್ತನೆಯ ನಡುವೆ ಬೆಳಗಿನ ಹನ್ನೊಂದಕ್ಕೆ ಕರೆದರೆ ಬರುವವರು ಹೊಲವಿಲ್ಲದ ಪುಢಾರಿಗಳು ಮಾತ್ರ. ರೋಣ, ನರಗುಂದದಂಥ ಎರೆ ಸೀಮೆಯಲ್ಲಿ ಹಿಂಗಾರಿ ಕಡಲೆ ಬಿತ್ತಿ, ಎಡೆ ಹೊಡೆದು, ಕಟಾವಿಗೆ ಇನ್ನೂ ಬಿಡುವಿರುವ ಡಿಸೆಂಬರ್ ಒಳ್ಳೆಯ ತಿಂಗಳು. ಸಂಜೆಯಾದರೆ ಹೆಂಗಸರೂ ಬರುತ್ತಾರೆ, ಅವರಿಗೆಂದೇ ಬೇರೆ ಸಭೆ ಕರೆದರೆ ಮಾತೂ ಆಡುತ್ತಾರೆ. ಆದರೆ ಡಿಸೆಂಬರಿನಲ್ಲಿ ಕುರಿಗಾರರು ಊರಲ್ಲಿರುವುದಿಲ್ಲ. ಮಳೆಗಾಲ ಕಳೆದ ಮೇಲೆ ಮಂದೆ ಹೊಡೆದುಕೊಂಡು ಮೇವು ನೀರು ಇರುವ ಬೇರೆ ಸೀಮೆಗೆ ಹೋದವರು ಮರಳುವುದು ಮುಂದಿನ ಮಳೆಯ ಹೊತ್ತಿಗೆ. ಗುಡ್ಡದ ಮೇಲೆ ಅವರಷ್ಟು ಹಕ್ಕು ಇರುವವರು ಬೇರೆ ಯಾರೂ ಇಲ್ಲ, ಡಂಗುರ ಸಾರಿದ ದಿನ ಅದನ್ನು ಕೇಳಿಸಿಕೊಳ್ಳಲು ಮಾತ್ರ ಅವರಿರುವುದಿಲ್ಲ. ಹಾಗಾಗಿ ಒಂದೇ ಸಭೆ ಸಾಲದು. ಅವರು ಮರಳಿದ ಮೇಲೆ ಇನ್ನೊಮ್ಮೆ, ಪಂಚಾಯಿತಿ ಕಟ್ಟಡದಲ್ಲಲ್ಲ, ಹಟ್ಟಿಯ ಬಳಿಯೇ, ಕುರಿಗಳನ್ನು ಕೂಡಿದ ಮೇಲೆ, ಆ ನಕ್ಷೆಯನ್ನು ಹರಡಿ ಕೇಳಬೇಕು.